ಮೊದಲ ಪರದೆಯ ಮೇಲಿನ ಹೆಸರು

ಕತೆ ಹೇಳುವುದಕ್ಕೆ ನನ್ನ ಅಜ್ಜಿ ಎರಡು ಕಟ್ಟಳೆ ಇಟ್ಟಿದ್ದಳು. ಕೇಳುವವನು ಹೂಂಗುಟ್ಟುತ್ತಲೇ ಇರಬೇಕು. ಹೂಂ ನಿಂತರೆ ಕತೆಯೂ ಅಲ್ಲೇ ನಿಲ್ಲುತ್ತಿತ್ತು, ರಾಜಕುಮಾರ ಬಾವಿಯೊಳಗೆ ಹಗ್ಗ ಹಿಡಿದು ನೇತಾಡುತ್ತಿದ್ದರೂ ಸರಿ. ಎರಡನೆಯದು, ಹೇಳುವವನು ಆ ಕತೆಯನ್ನು ಯಾರ ಬಾಯಿಂದ ಕಲಿತನೋ ಅವರ ಹೆಸರನ್ನು ಮೊದಲು ಹೇಳಬೇಕು.

"ಎಸ್ರು ಏಳ್ದೆ ಏಳೋ ಕತೆ ಕದ್ದ ಬಳೆ ಇದ್ದಂಗೆ ಕಣ್ಲಾ," ಅನ್ನುತ್ತಿದ್ದಳು. "ಕೈಗಾಕಂಡ್ರೂ ಸದ್ದು ಮಾಡಂಗಿಲ್ಲ."

ಈ ಎರಡೂ ಕಟ್ಟಳೆಯನ್ನು ನಾನು ಅಚ್ಚುಕಟ್ಟಾಗಿ ಪಾಲಿಸಿದ್ದು ಬದುಕಿನಲ್ಲಿ ಒಂದೇ ಒಂದು ಸಲ. ಅದರಿಂದ ಕಾಡಂಚಿನ ಹಳ್ಳಿ ಹಂಗಳದ ಒಬ್ಬ ಮನುಷ್ಯನ ಕೆಲಸ ಹೋಯಿತು.

ತೊಂಬತ್ತರ ದಶಕದ ನಡುಭಾಗ. ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ನಾನು ಅಲ್ಲಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದೆ. ಅರ್ಜಿ, ಕರಾರು, ಜಾತಿ ಪ್ರಮಾಣಪತ್ರದ ಕೋರಿಕೆ ಇತ್ಯಾದಿ ಟೈಪು ಮಾಡಿಕೊಡುವುದೂ ನನ್ನ ಪಾಲಿಗೇ ಇತ್ತು. ಹತ್ತು ಟೈಪ್‌ರೈಟರುಗಳ ಕಟಕಟದ ನಡುವೆ ಒಂದು ದಿನ ಕಂಪ್ಯೂಟರು ಬಂದು ಕೂತಿತು. ಅದಕ್ಕೊಂದು ಗಾಜಿನ ಕೋಣೆ, ಮೈಮೇಲೆ ಹೆಣಿಗೆಯ ಬಟ್ಟೆ, ಎದುರಿಗೆ ಊದುಬತ್ತಿ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು. ಅದನ್ನು ಏನಕ್ಕೆ ಬಳಸಬೇಕೆಂದು ಮಾಲೀಕರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಾನು ಒಂದು ಹಳೇ ಪುಸ್ತಕ ಹಿಡಿದು ಅದಕ್ಕೆ ಆಜ್ಞೆ ಬರೆಯುವುದನ್ನು ಕಲಿತೆ. ಕಲಿತವನು ಲೆಕ್ಕಪತ್ರದ ಕಡೆ ಹೋಗಲಿಲ್ಲ. ಅಜ್ಜಿಯ ಮೊಮ್ಮಗನಲ್ಲವೆ, ಒಂದು ಸಾಹಸದ ಆಟ ಕಟ್ಟಿದೆ.

ಆಟದ ಕತೆ ಸರಳ. ಹಂಗಳದಲ್ಲಿ ಒಂದು ಕಂದು ಕರು ತಪ್ಪಿಸಿಕೊಂಡಿದೆ. ಗೋಪಾಲಸ್ವಾಮಿ ಬೆಟ್ಟದ ಕಡೆ ಹೋಯಿತೆಂದು ಯಾರೋ ಹೇಳಿದ್ದಾರೆ. ಆಡುವವನು ಕಾಡು ದಾಟಿ, ಬೆಟ್ಟ ಹತ್ತಿ, ಮಂಜಿನೊಳಗಿಂದ ಅದನ್ನು ಹುಡುಕಿ ತರಬೇಕು. ಪರದೆಯ ತುಂಬ ಮಾತೇ ಹೆಚ್ಚು, ಚಿತ್ರ ಕಡಿಮೆ. ಆ ಯಂತ್ರಕ್ಕೆ ನಮ್ಮ ಲಿಪಿ ಬಾರದ್ದರಿಂದ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದೆ. ಎಡಕ್ಕೆ ಹೋಗು, ಕಲ್ಲು ಎತ್ತು, ಮರ ಹತ್ತು ಎಂದು ಆಡುವವನು ಟೈಪು ಮಾಡಿದರೆ ಕತೆ ಸಾಗುತ್ತಿತ್ತು. ನಡುನಡುವೆ ಮಾತ್ರ ಸುಮ್ಮನೆ ನಿಂತುಬಿಡುತ್ತಿತ್ತು. ಆಗ ಹೂಂ ಎಂದು ಬರೆಯಬೇಕು. ಬರೆಯದಿದ್ದರೆ ಎಷ್ಟು ಹೊತ್ತಾದರೂ ಅದು ಅಲ್ಲಾಡುತ್ತಿರಲಿಲ್ಲ.

ಚಿತ್ರ ಬರೆದವನು ಗುಂಡ್ಲುಪೇಟೆಯಲ್ಲಿ ಬೋರ್ಡು ಬರೆಯುತ್ತಿದ್ದ ನನ್ನ ಗೆಳೆಯ. ಹೆದ್ದಾರಿ ಹೋಟೆಲುಗಳಿಗೆ ಮಲಯಾಳಂ ಬೋರ್ಡು ಬರೆಯುತ್ತಿದ್ದ, ಒಂದಕ್ಷರ ಓದಲು ಬಾರದಿದ್ದರೂ. ಗ್ರಾಫ್ ಹಾಳೆಯಲ್ಲಿ ಮನೆಮನೆಯಾಗಿ ಮರ, ಬಂಡೆ, ಆನೆ ತುಂಬಿ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದ. ನಾನು ಆ ಮನೆಗಳನ್ನು ಎಣಿಸಿ ಯಂತ್ರಕ್ಕೆ ಹೇಳಬೇಕು. ಅವನ ಮೊದಲ ಆನೆ ಪರದೆಯ ಮೇಲೆ ಹುಣಿಸೆಹಣ್ಣಿನ ಉಂಡೆಯಂತೆ ಬಂತು. "ನಿನ್ನ ಮಿಸಿನ್ನಿಗೆ ಕಣ್ಣಿಲ್ಲ ಕಣ್ಲಾ, ನನ್ ಆನೆ ಸರ್ಯಾಗೇ ಅದೆ," ಎಂದು ಜಗಳಕ್ಕೆ ಬಂದ.

ಆಡಲು ಬಂದವರು ನಾನು ನೆನೆಸಿದ್ದಕ್ಕಿಂತ ಹೆಚ್ಚು. ಟೈಪಿಂಗ್ ಮುಗಿಸಿ ಬಸ್ಸಿಗೆ ಕಾಯುವ ಹುಡುಗಿಯರು, ಇಬ್ಬರು ಮೇಷ್ಟ್ರು, ಊಟದ ಬಿಡುವಿನಲ್ಲಿ ಟಿಫನ್ ಡಬ್ಬಿ ಹಿಡಿದೇ ಬರುತ್ತಿದ್ದ ಒಬ್ಬ ಗುಮಾಸ್ತರು. ಸಿಕ್ಕಿಕೊಂಡವರು ಬರೆದಿಡಲೆಂದು ಒಂದು ನೋಟುಬುಕ್ಕು ಇಟ್ಟೆ. ಅದರಲ್ಲಿ ಬರೆದದ್ದೆಲ್ಲ ಪ್ರಶ್ನೆಯಲ್ಲ, ಬೈಗುಳವೂ ಇತ್ತು. 'ಹೊಂಡದ ಹತ್ತಿರ ಮೂರು ದಿನದಿಂದ ನಿಂತಿದ್ದೇನೆ, ಕಾಲು ನೋಯುತ್ತಿದೆ.' 'ಇವರ ಕರು ಸಾಯಲಿ.' ಅದರ ಕೆಳಗೆ ಇನ್ನೊಂದು ಕೈ: 'ಹಾಗನ್ನಬೇಡಿ, ಪಾಪ ಬರುತ್ತೆ, ಮರ ಹತ್ತಿ ನೋಡಿ.' ನಾನು ಪ್ರತಿಯೊಂದಕ್ಕೂ ಉತ್ತರ ಬರೆಯುತ್ತಿದ್ದೆ. ಸಂಜೆ ಅದನ್ನು ತೆರೆಯುವಾಗಿನ ಖುಷಿ ನನಗೆ ಮತ್ತೆಲ್ಲೂ ಸಿಗಲಿಲ್ಲ. ಈಗ ನೆನೆಸಿದರೆ ನಾಲಿಗೆ ಕಹಿಯಾಗುತ್ತದೆ.

ಕೆಲಸ ಹೋಯಿತೆಂದೆನಲ್ಲ, ಅವರು ಬಂದದ್ದು ಅರ್ಜಿ ಟೈಪು ಮಾಡಿಸಲು. ಐವತ್ತರ ಹತ್ತಿರದ ಮನುಷ್ಯ, ಬಣ್ಣ ಹೋದ ಖಾಕಿ ಅಂಗಿ, ಪಂಚೆ. ಹಂಗಳದವರು; ಚಾಮರಾಜನಗರಕ್ಕೆ ಮಗಳನ್ನು ಕೊಟ್ಟಿದ್ದರು. ಬಂಡೀಪುರದ ಕಾಡಿನಲ್ಲಿ ಹದಿನಾಲ್ಕು ವರ್ಷದಿಂದ ದಿನಗೂಲಿ ವಾಚರು. ಹಿಂದೆಯೇ ಸೇರಿದವರನ್ನು ಕಾಯಂ ಮಾಡುತ್ತಾರೆ, ಪಟ್ಟಿ ಸಿದ್ಧವಾಗುತ್ತಿದೆ, ತಮ್ಮ ಹೆಸರೂ ಸೇರಲಿ ಎಂಬುದು ಅರ್ಜಿ. ನಾನು ಟೈಪು ಮಾಡುತ್ತಿದ್ದಾಗ ಅವರು ಗಾಜಿನ ಕೋಣೆಯ ಬಾಗಿಲಲ್ಲಿ ನಿಂತು ಆಡುವವರನ್ನು ನೋಡುತ್ತಿದ್ದರು. ಒಬ್ಬ ಮೇಷ್ಟ್ರು ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದುತ್ತಿದ್ದರು: ಮತ್ತಿ ಮರದ ಹತ್ತಿರ ದಾರಿ ಕವಲಾಗಿದೆ, ಎಡಕ್ಕೆ ಹೋದರೆ ಬೆಟ್ಟ.

"ಸಿಕ್ಕಾಕಿಲ್ಲ," ಎಂದರು ಇವರು.

"ಏನು?"

"ಬೆಟ್ಟ. ಎಡಕ್ಕೋದ್ರೆ ಬೆಟ್ಟ ಸಿಕ್ಕಾಕಿಲ್ಲ ಕಣಪ್ಪ, ಆನೆ ಸಿಕ್ತವೆ. ಅದು ಅವು ನೀರಿಗೋಗೋ ದಾರಿ. ಇದ ಬರ್ದವ ಯಾವನೋ ಪ್ಯಾಟೆಯವ."

ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿ ನಕ್ಕರು. ನಾನು ಅರ್ಜಿ ಅರ್ಧಕ್ಕೇ ಬಿಟ್ಟು ಅವರಿಗೆ ಕುರ್ಚಿ ಹಾಕಿದೆ.

ಅಂದಿನಿಂದ ಮಗಳ ಮನೆಗೆ ಬಂದಾಗಲೆಲ್ಲ ನಮ್ಮಲ್ಲಿಗೂ ಬರುತ್ತಿದ್ದರು. ನಾಲ್ಕನೇ ತರಗತಿ ಓದಿದ್ದರು, ಅದೂ ಕನ್ನಡ. ನಾನು ಓದಿ ಹೇಳುತ್ತಿದ್ದೆ, ಅವರು ತಿದ್ದುತ್ತಿದ್ದರು. ಕೊಕ್ಕರೆ ಎದ್ದರೆ ನೀರಿನ ಹತ್ತಿರ ದೊಡ್ಡ ಜೀವವಿದೆ ಎಂದರ್ಥ. ಬೆಳಿಗ್ಗೆ ಯಾವ ಕೊಳ, ಬಿಸಿಲೇರಿದ ಮೇಲೆ ಯಾವ ಕೊಳ. ಸೊಂಟದಲ್ಲಿ ಒಂದು ಬಟ್ಟೆಯ ಗಂಟಿನ ತುಂಬ ಬೂದಿ ಇಟ್ಟುಕೊಂಡಿರುತ್ತಿದ್ದರು. ಅದನ್ನು ಬೆರಳಲ್ಲಿ ತಟ್ಟಿದರೆ ಹುಡಿ ಯಾವ ಕಡೆ ಹಾರುತ್ತದೋ ಗಾಳಿ ಆ ಕಡೆ. ನಮ್ಮ ವಾಸನೆ ಯಾರ ಮೂಗಿಗೆ ಹೋಗುತ್ತಿದೆ ಎಂದು ತಿಳಿದು ಕಾಲಿಡಬೇಕು. ಒಮ್ಮೆ ಗಂಟು ಬಿಚ್ಚಿ ನಮ್ಮ ಫ್ಯಾನಿನ ಕೆಳಗೇ ತಟ್ಟಿ ತೋರಿಸಿದರು. ಕಂಪ್ಯೂಟರಿನ ಮೇಲೆಲ್ಲ ಬೂದಿ. ಮಾಲೀಕರು ಒಂದು ವಾರ ನನ್ನೊಡನೆ ಮಾತಾಡಲಿಲ್ಲ.

ಬೂದಿ ಉದುರಿಸು ಎಂಬ ಆಜ್ಞೆ ಆಟಕ್ಕೆ ಸೇರಿದ ಮೇಲೆ ನೋಟುಬುಕ್ಕಿನ ಬೈಗುಳ ನಿಂತಿತು. 'ನಿಜವಾಗಿ ಬೆವರು ಬಂತು' ಎಂದು ಆ ಗುಮಾಸ್ತರು ಬರೆದರು. ಬೇರೆ ಊರಿಗೆ ಫ್ಲಾಪಿ ಕೇಳಿದರು. ಕೊಟ್ಟೆ. ಆಡಿ, ನಾಲ್ಕು ಜನಕ್ಕೆ ಕೊಡಿ ಎಂದು ಕೊನೆಯ ಪರದೆಯಲ್ಲಿ ನಾನೇ ಬರೆದಿದ್ದೆ.

ಅಜ್ಜಿಯ ಎರಡನೇ ಕಟ್ಟಳೆ ಆಗ ನೆನಪಾಯಿತು. ಮೊದಲ ಪರದೆಯ ಮೇಲೆ, ನನ್ನ ಮತ್ತು ಗೆಳೆಯನ ಹೆಸರಿಗಿಂತ ಮೇಲೆ, ದಾರಿ ಹೇಳಿಕೊಟ್ಟವರು ಎಂದು ಬರೆದು ಅವರ ಹೆಸರು, ಊರು ಹಾಕಿದೆ.

"ನಂದಾಕು, ನಿಂದಾಕು," ಎಂದ ಗೆಳೆಯ. "ಅವರ್ದ್ಯಾಕ್ಲಾ? ಸರ್ಕಾರಿ ಕಾಡಲ್ಲಿ ಕೂಲಿ ಮಾಡೋರು. ಬುಡು."

ನಾನು ಅವನಿಗೆ ಅಜ್ಜಿಯ ಬಳೆಯ ಮಾತು ಹೇಳಿದೆ. ನನಗೆ ಉಪದೇಶದ ಚಟ. ಅವನು ತಲೆ ಕೆರೆದುಕೊಂಡ.

ಮುಂದಿನ ಸಲ ಅವರು ಬಂದಾಗ ಪರದೆ ತೋರಿಸಿದೆ. ಇಂಗ್ಲಿಷ್ ಅಕ್ಷರ, ಓದಲಾಗಲಿಲ್ಲ. ನಾನು ಓದಿದೆ. ಅವರು ಹತ್ತಿರ ಬಗ್ಗಿ, ಗಾಜಿಗೆ ತಾಗದಂತೆ ಬೆರಳನ್ನು ಹೆಸರಿನ ಕೆಳಗೆ ಎಡದಿಂದ ಬಲಕ್ಕೆ ಎಳೆದರು. ಆಮೇಲೆ ಕೇಳಿದರು:

"ಸಾಹೇಬ್ರು ಗೀಹೇಬ್ರು ನೋಡ್ಬುಟ್ರೆ?"

"ಯಾವ ಸಾಹೇಬರು ಇಲ್ಲಿಗೆ ಬಂದು ಕರು ಹುಡುಕುತ್ತಾರೆ, ಬಿಡಿ," ಎಂದು ನಕ್ಕೆ.

"ನೀ ಓದ್ದವ. ನೀ ಏಳಿದ್ಮೇಲೆ ಸರಿ," ಎಂದರು. ಅವರೂ ನಕ್ಕರು.

ಸಾಹೇಬರು ಬರಲಿಲ್ಲ. ಆಟವೇ ಅಲ್ಲಿಗೆ ಹೋಯಿತು. ಕಾಡು ನೋಡಿಕೊಳ್ಳುವ ಒಂದು ಕಚೇರಿಗೆ ಹೊಸ ಕಂಪ್ಯೂಟರು ಬಂದಿತ್ತು. ನಮ್ಮ ಬೆವರಿನ ಗುಮಾಸ್ತರ ಭಾವಮೈದ ಅಲ್ಲಿದ್ದ. ಅಭಿಮಾನದಿಂದ ಫ್ಲಾಪಿ ಒಯ್ದು ಕೊಟ್ಟರು. ದಂತ, ಗಂಧ ಕದಿಯುವವರ ಕಾಟಕ್ಕೆ ಕಾಡಿನ ಕಾಲುದಾರಿ ಎಂಬ ಮಾತೇ ಅಪಾಯವಾಗಿದ್ದ ಕಾಲ ಅದು. ಆನೆ ಯಾವ ಹೊತ್ತಿಗೆ ಯಾವ ನೀರಿಗೆ ಬರುತ್ತದೆ ಎಂಬುದು ಪರದೆಯ ಮೇಲಿತ್ತು. ಅದನ್ನು ಹೇಳಿದವರ ಹೆಸರೂ ಊರೂ ಎಲ್ಲಕ್ಕಿಂತ ಮೇಲಿತ್ತು.

"ನಿನ್ನ ಗುರೂನ ಕರಸವ್ರೆ ಕಣ್ಲಾ. ಕೆಲ್ಸುಕ್ ಬರ್ಬೇಡ ಅಂದವ್ರಂತೆ, ಇಚಾರಣೆ ಆಗೋಗಂಟ," ಎಂದು ಗೆಳೆಯ ಗುಂಡ್ಲುಪೇಟೆಯಿಂದ ಹೇಳಿ ಕಳಿಸಿದ.

ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಸ್ಸು ಹತ್ತಿದೆ. ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದರೆ ಮುಗಿಯಿತು ಅಂದುಕೊಂಡಿದ್ದೆ. ಮಾತಿನಿಂದ ಕೆಟ್ಟದ್ದು ಮಾತಿನಿಂದಲೇ ಸರಿಹೋಗುತ್ತದೆ ಎಂಬ ನಂಬಿಕೆ.

ಆ ಕಚೇರಿಯ ಅಧಿಕಾರಿ ಒರಟನೇನಲ್ಲ. ಕುರ್ಚಿ ಕೊಟ್ಟ, ಟೀ ತರಿಸಿದ. "ಹೇಳಿ ಮೇಷ್ಟ್ರೇ," ಎಂದ. ಹೇಳಿದೆ. ಅವರು ಎಂಥ ಮನುಷ್ಯ, ಹೇಗೆ ಬಂದರು, ಮತ್ತಿ ಮರದ ತಪ್ಪನ್ನು ಹೇಗೆ ಹಿಡಿದರು. ಆತ "ಹೂಂ" ಎಂದ. ಕೊಕ್ಕರೆಯ ಮಾತು ಹೇಳಿದೆ. "ಹೂಂ." ಕೊಳಗಳ ಹೊತ್ತುಗಳನ್ನು ಎಷ್ಟು ಚೆನ್ನಾಗಿ ಬಲ್ಲರೆಂದು ಹೇಳಿದೆ. "ಹೂಂ, ಹೂಂ." ಅಷ್ಟು ಚೆನ್ನಾಗಿ ಹೂಂಗುಟ್ಟುವವರು ನನಗೆ ಅಜ್ಜಿ ಸತ್ತ ಮೇಲೆ ಸಿಕ್ಕಿರಲಿಲ್ಲ. ಬೂದಿಯ ಗಂಟಿನವರೆಗೆ ಬಂದೆ. ಪಕ್ಕದಲ್ಲಿ ಒಬ್ಬ ಬರೆದುಕೊಳ್ಳುತ್ತಿದ್ದುದನ್ನು ನೋಡಿದ್ದೆ. ಅವರ ಒಳ್ಳೆಯತನಕ್ಕೆ ಸಾಕ್ಷಿ ಬರೆಯುತ್ತಿದ್ದಾನೆ ಅಂದುಕೊಂಡೆ.

ಮುಗಿದ ಮೇಲೆ ಹಾಳೆ ನನ್ನ ಮುಂದೆ ಬಂತು. ಎರಡೇ ಪುಟ. ನನ್ನ ಕತೆಯಿಂದ ಮನುಷ್ಯನನ್ನು ತೆಗೆದು, ಕೊಳಗಳನ್ನಷ್ಟೇ ಉಳಿಸಿದ್ದರು. ಹೊರಗಿನವರಿಗೆ ಇಂತಿಂಥ ವಿಷಯ ತಿಳಿಸಿರುತ್ತಾರೆ.

"ಇದರಲ್ಲಿ ಸುಳ್ಳೇನಾದರೂ ಇದೆಯೇ?" ಎಂದು ಅಧಿಕಾರಿ ಕೇಳಿದ.

ಇರಲಿಲ್ಲ. "ಆದರೆ ಅದು ಆಟಕ್ಕಾಗಿ ಸಾರ್," ಎಂದೆ.

"ಅದನ್ನೂ ಬರೆಯೋಣ ಬಿಡಿ. ಅವರು ಬಾಯಿಬಿಡಲೇ ಇಲ್ಲ ನೋಡಿ, ನಂಗೇನೂ ಗೊತ್ತಿಲ್ಲ ಅಂತಲೇ ಕೂತಿದ್ದರು. ನೀವು ಬಂದದ್ದು ಒಳ್ಳೆಯದಾಯಿತು."

ಸಹಿ ಹಾಕಿದೆ. ಈ ಕೈ ಅವರ ಅರ್ಜಿಯನ್ನೂ ಟೈಪು ಮಾಡಿತ್ತು.

ಕಾಯಂ ಪಟ್ಟಿ ಬಂದಾಗ ಅವರಿಗಿಂತ ಹಿಂದೆ ಸೇರಿದವರ ಹೆಸರೂ ಇತ್ತು, ಆಮೇಲೆ ಸೇರಿದವರದೂ ಇತ್ತು. ಅವರದ್ದಿರಲಿಲ್ಲ. ದಿನಗೂಲಿಗೂ ಮತ್ತೆ ಕರೆಯಲಿಲ್ಲ.

ಗೆಳೆಯನ ಹತ್ತಿರ ಹೋಗಿ ಅತ್ತೆ. ಏಣಿಯ ಮೇಲಿದ್ದವನು ಇಳಿಯಲಿಲ್ಲ, ಕುಂಚ ಅದ್ದಿಕೊಳ್ಳುತ್ತಲೇ, "ನಿನ್ನಜ್ಜಿ ಮಾತು ನಿನ್ನಜ್ಜಿಗೆ ಸರಿ ಕಣ್ಲಾ. ಅವಳ ಕತೇಲಿ ರಾಜ ಇದ್ದ, ರಾಕ್ಸಸ ಇದ್ದ. ಸಾಹೇಬ್ರು ಇರ್ನಿಲ್ಲ," ಎಂದ. ಆಮೇಲೆ ನಾವಿಬ್ಬರೂ ಕೂಡಿ ಏನನ್ನೂ ಮಾಡಲಿಲ್ಲ. ಹೆಸರು ಹಾಕಬೇಡ ಎಂದವನು ಅವನು. ಅದಕ್ಕೇ ಇರಬೇಕು, ಅವನ ಮುಖ ನೋಡುವುದು ನನಗೆ ಕಷ್ಟವಾಯಿತು.

ಆಟಗಾರರಿಗೆ ನಡೆದದ್ದೆಲ್ಲ ಹೇಳಿದೆ. ಅಯ್ಯೋ ಎಂದರು. ಮಾರನೆಯ ವಾರ ನೋಟುಬುಕ್ಕಿನಲ್ಲಿ 'ಎರಡನೇ ಭಾಗ ಯಾವಾಗ?' ಎಂದಿತ್ತು. ಟಿಫನ್ ಡಬ್ಬಿಯ ಗುಮಾಸ್ತರು, "ಅಷ್ಟು ದೊಡ್ಡವರ ತನಕ ಮುಟ್ಟಿತಲ್ಲ ಸಾರ್ ನಿಮ್ಮ ಆಟ," ಎಂದು ನನ್ನನ್ನು ಸಮಾಧಾನ ಮಾಡಿದರು. ನನಗೆ ಅವರ ಡಬ್ಬಿ ಎತ್ತಿ ಎಸೆಯಬೇಕೆನಿಸಿತು. ಆದರೆ ಅವರಿಗಿಂತ ನಾನು ಯಾವುದರಲ್ಲಿ ಮೇಲು? ಅವರು ಒಯ್ದು ಕೊಟ್ಟರು, ನಾನು ಬಿಡಿಸಿ ಹೇಳಿದೆ. ನೋಟುಬುಕ್ಕನ್ನು ಬೀರುವಿನೊಳಗೆ ಹಾಕಿದೆ. ಮೊದಲ ಪರದೆ ತೆರೆದು ಅವರ ಹೆಸರಿದ್ದ ಸಾಲನ್ನು ಅಳಿಸಿದೆ. ಇನ್ನೂ ಏನಾದರೂ ಆದೀತೆಂಬ ಹೆದರಿಕೆ. ಅವರಿಗೋ ನನಗೋ ಎಂದು ಆಗ ಕೇಳಿಕೊಳ್ಳಲಿಲ್ಲ.

ಹಂಗಳಕ್ಕೆ ಹೋಗುವ ಧೈರ್ಯ ಬರಲು ಸುಮಾರು ದಿನ ಬೇಕಾಯಿತು. ಮನೆಯಲ್ಲಿರಲಿಲ್ಲ, ಗುಂಡ್ಲುಪೇಟೆ ಕಡೆಯ ಒಂದು ಚೆಂಡುಹೂವಿನ ಹೊಲದಲ್ಲಿ ಕೂಲಿಗೆ ಹೋಗಿದ್ದಾರೆಂದರು. ಅಲ್ಲಿಗೇ ಹೋದೆ. ಹೆಂಗಸರು ಹೂ ಬಿಡಿಸುತ್ತಿದ್ದರು, ಇವರು ಮೂಟೆಗೆ ತುಂಬುತ್ತಿದ್ದರು. ಅಂಗೈ, ಉಗುರು ಎಲ್ಲ ಹಳದಿ. ಖಾಕಿ ಅಂಗಿ ಇರಲಿಲ್ಲ.

"ಬಾಪ್ಪ," ಎಂದರು. ಎಂದಿನಂತೆಯೇ.

ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಬಿಟ್ಟೆ. ನಾನೇ ಹೋಗಿ ಹೇಳಿದೆ, ಸಹಿ ಹಾಕಿದೆ ಎಂದಷ್ಟೇ ಹೇಳಿದೆ.

"ಗೊತ್ತು. ಓದಿ ಏಳಿದ್ರು." ಮೂಟೆಯ ಬಾಯಿ ಕಟ್ಟುತ್ತಾ ಕೂತರು. "ನೀ ಬರಾಗಂಟ ಅವರ್ತಾವ ಏನೂ ಇರ್ನಿಲ್ಲ. ಬರೀ ಎಸ್ರು. ಆ ಎಸ್ರಿನವ ನಾ ಅಲ್ಲ ಅಂದಿದ್ದೆ. ನಮ್ಮೂರಲ್ಲಿ ಆ ಎಸ್ರಿನೋರು ಐದ್ ಜನ ಅವ್ರೆ."

ಅವರು ಕೇಳಿದರು:

"ಈಗ ಆಟ ಅದಾ?"

"ಇದೆ."

"ಮತ್ತಿ ಮರ್ದತಾವ ಬಲಕ್ಕೇ ತಿರುಗ್ತದಾ?"

"ಬಲಕ್ಕೇ."

"ನನ್ನೆಸ್ರು?"

"ತೆಗೆದುಬಿಟ್ಟೆ. ಯಾವತ್ತೋ ತೆಗೆದೆ," ಎಂದೆ. ಅದೊಂದಾದರೂ ಅವರಿಗೆ ನೆಮ್ಮದಿ ಕೊಡಲಿ ಎಂದು ಬೇಗ ಬೇಗ ಹೇಳಿದೆ.

ಹಳದಿ ಕೈ ಹಗ್ಗದ ಮೇಲೆ ನಿಂತಿತು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವರ ಮುಖ ಬದಲಾಯಿತು.

"ತೆಗ್ದ್ಬುಟ್ಯಾ? ತೆಗೀಬಾರ್ದಾಗಿತ್ತು ಕಣಪ್ಪ," ಎಂದರು. "ಕೆಲ್ಸ ಎಂಗೂ ಓಯ್ತು. ಅದಾರಾ ಇರ್ತಿತ್ತು."

ಮೇಸ್ತ್ರಿ ಕೂಗಿದ. ಅವರು ಮೂಟೆ ಹೊತ್ತು ಲಾರಿಯ ಕಡೆ ನಡೆದರು.

ಇನ್‌ಸ್ಟಿಟ್ಯೂಟಿಗೆ ಮರಳಿ ಆ ಸಾಲನ್ನು ಮತ್ತೆ ಬರೆಯಲು ಕೂತೆ. ಬರೆದೆ, ಅಳಿಸಿದೆ. ಮತ್ತೆ ಬರೆದೆ. ಕೊನೆಗೆ ಯಂತ್ರ ಆರಿಸಿ ಬಟ್ಟೆ ಹೊದಿಸಿದೆ. ಆ ಕಂಪ್ಯೂಟರು ಯಾವಾಗಲೋ ಗುಜರಿಗೆ ಹೋಯಿತು. ಇದನ್ನು ಬರೆಯುವಾಗಲೂ ಅವರ ಹೆಸರನ್ನು ಮೊದಲ ಸಾಲಿನಲ್ಲೇ ಬರೆದಿದ್ದೆ, ಅಜ್ಜಿ ಹೇಳಿಕೊಟ್ಟಂತೆ. ಆಮೇಲೆ ಹೊಡೆದು ಹಾಕಿದೆ. ಈಗ ಯಾರ ಹೆದರಿಕೆ?