ಒದ್ದೆ ಕೌದಿಯ ಭಾರ

ಸ್ಟೇಷನ್ ರಸ್ತೆಯ ಸಮೀಪದ ನಮ್ಮ ಅಪಾರ್ಟ್‌ಮೆಂಟಿನ ತಾರಸಿಗೆ ಬೀಗ ಹಾಕಿಸಿದವನು ನಾನೇ. ಗಾಳಿಪಟ ಹಾರಿಸುವ ಮಕ್ಕಳು ಅದರ ಗಿಡ್ಡ ಗೋಡೆಯವರೆಗೆ ಓಡುವುದನ್ನು ಕಂಡು ಹೆದರಿ, ನಿವಾಸಿಗಳ ಸಭೆಯಲ್ಲಿ ಅರ್ಧ ಗಂಟೆ ಮಾತನಾಡಿದೆ. ಎದುರಿನವರ ಆಕ್ಷೇಪವನ್ನು ಅವರಿಗಿಂತ ಮೊದಲು ತಾನೇ ಹೇಳಿ ಖಂಡಿಸುವುದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ವಿದ್ಯೆ. ಬಟ್ಟೆ ಎಲ್ಲಿ ಒಣಗಿಸಬೇಕೆಂದು ಯಾರಾದರೂ ಕೇಳುವ ಮುನ್ನವೇ, ಪ್ರತಿ ಮನೆಗೂ ಬಾಲ್ಕನಿ ಇದೆಯಲ್ಲ ಎಂದೆ. ಚಪ್ಪಾಳೆ ಬಿತ್ತು.

ನಮ್ಮ ಕೆಳಗಿನ ಮನೆಯ ಅಕ್ಕ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಜೋರಾಪುರ ಪೇಟೆಯಿಂದ ಬಾಡಿಗೆಗೆ ಬಂದವರು, ಒಂಟಿ ಹೆಂಗಸು. ಗಿರಾಕಿಗಳು ತಂದ ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿದುಕೊಡುವುದೇ ಅವರ ಉದ್ಯೋಗ. ಹೊಲಿದದ್ದನ್ನು ಒಗೆದು, ತಾರಸಿಯ ಬಿಸಿಲಿನಲ್ಲಿ ಒಣಗಿಸಿಯೇ ಕೊಡುತ್ತಿದ್ದರು. ಅವರ ಮೌನವನ್ನು ನಾನು ಸಮ್ಮತಿಯೆಂದು ತಿಳಿದೆ.

ನೀರು ಕುಡಿದ ಕೌದಿ ಎಷ್ಟು ಭಾರವೆಂದು ನನಗೆ ಗೊತ್ತಿರಲಿಲ್ಲ. ತಾರಸಿಗೆ ಬೀಗ ಬಿದ್ದ ಮೇಲೆ, ಇಬ್ಬರು ಹಿಡಿದು ಹಿಂಡಬೇಕಾದದ್ದನ್ನು ಅವರು ಒಬ್ಬರೇ ಎತ್ತಿ, ಮಣೆಯ ಮೇಲೆ ನಿಂತು ಬಾಲ್ಕನಿಯ ಕಂಬಿಗೆ ಹಾಕುತ್ತಿದ್ದರು. ಮಣೆಯ ಮೇಲೆ ನಿಂತವರಿಗೆ ಕಂಬಿ ತೊಡೆಯ ಮಟ್ಟಕ್ಕಿಳಿಯುತ್ತದೆ. ಆಗ ಅದು ಯಾರನ್ನೂ ತಡೆಯುವುದಿಲ್ಲ. ಬೇಸಿಗೆಯ ಒಂದು ಬೆಳಿಗ್ಗೆ ಕೌದಿ ಹೊರಕ್ಕೆ ಜಾರಿತು. ಪರರ ವಸ್ತು ಮಣ್ಣಾಗಬಾರದೆಂದು ಅವರು ಕೈ ಬಿಡಲಿಲ್ಲ. ಮೊದಲ ಮಹಡಿಯಿಂದ ಅದರೊಂದಿಗೇ ಬಿದ್ದರು. ಜೀವ ಉಳಿಯಿತು, ಬಲಗೈಯ ಮಣಿಕಟ್ಟು ಎರಡು ಕಡೆ ಮುರಿದಿತ್ತು.

ಆಸ್ಪತ್ರೆಗೆ ಹೋದಾಗ ಇದೆಲ್ಲ ಅವರ ಬಾಯಿಂದಲೇ ತಿಳಿಯಿತು. ನಡೆದದ್ದನ್ನು ಸಭೆಗೆ ತಿಳಿಸಿ ತಾರಸಿ ತೆರೆಸುತ್ತೇನೆಂದು ಹೇಳಿದೆ. ಅವರು ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದರು.

“ಬ್ಯಾಡ್ರಿ ಸರ್ರ. ತಲಿ ತಿರುಗಿ ಬಿದ್ದೆ ಅಂತ ಎಲ್ಲಾರಿಗೂ ಹೇಳೇನಿ. ಕೌದಿ ಸಲುವಾಗಿ ಬಿದ್ದಾಳ ಅಂತ ಗೊತ್ತಾತಂದ್ರ, ಮನ್ಯಾಗ ಹೊಲಿಯೂದ ಬಂದ್ ಮಾಡಸ್ತಾರ. ಅದರಾಗ ನೀವ ಎದ್ದು ಮಾತಾಡಿದ್ರಂತೂ ಮುಗದ ಹೋತು. ಭಾಳ ಚಲೋ ಮಾತಾಡ್ತೀರಿ ನೀವು.”

ಮುಂದಿನ ಸಭೆಯಲ್ಲಿ ತಾರಸಿ ತೆರೆಯಬೇಕೆಂದು ಕೇಳಿಕೊಂಡೆ. ಏಕೆಂದು ಕೇಳಿದರು. ಇದ್ದ ಒಂದೇ ಕಾರಣವನ್ನು ಹೇಳುವಂತಿರಲಿಲ್ಲ, ಸೋತು ಕುಳಿತೆ. ತಲೆಸುತ್ತು ಇರುವವರು ಬಾಲ್ಕನಿಯಲ್ಲಿ ನಿಲ್ಲಬಾರದೆಂಬ ಸೂಚನೆಯನ್ನು ಲಿಫ್ಟಿನ ಪಕ್ಕ ಅಂಟಿಸಿದರು.

ಪಟ್ಟಿ ಬಿಚ್ಚಿದ ಮೇಲೆ ಕೈ ಸೊಟ್ಟಗೆ ಕೂಡಿಕೊಂಡಿತ್ತು. ಅಷ್ಟು ಪದರಗಳಲ್ಲಿ ಸೂಜಿ ದಾಟಿಸುವ ಬಲ ಬೆರಳುಗಳಿಗೆ ಮರಳಲಿಲ್ಲ. ತಿಕೋಟಾದಿಂದ ಬಂದ ಗಿರಾಕಿಯೊಬ್ಬರು ಅರ್ಧ ಹೊಲಿದ ಕೌದಿಯನ್ನೂ ಉಳಿದ ಸೀರೆಗಳನ್ನೂ ಗಂಟು ಕಟ್ಟಿಕೊಂಡು ಹೊರಟರು. ಆ ಗಂಟನ್ನು ಆಟೋದವರೆಗೆ ಹೊತ್ತವನು ನಾನು. ಹಿಂದಿರುಗಿದಾಗ ಅಕ್ಕ ಹೊಸ್ತಿಲಲ್ಲೇ ನಿಂತಿದ್ದರು.

“ಈಗ ಹೇಳ್ರಿ ಸರ್ರ, ಯಾರಿಗೆ ಬೇಕಾದ್ರೂ ಹೇಳ್ರಿ,” ಎಂದರು. “ಇನ್ನ ಬಂದ್ ಮಾಡ್ಸಾಕ ಏನೂ ಉಳದಿಲ್ಲ.”