ಅಪ್ಪ ಹತ್ತಿದ ಹಲಸಿನ ಮರ

ಆಗೆಲ್ಲ ಬೆಳಗೋಡಿನ ನಮ್ಮ ಕಡೆ ಬೇಸಿಗೆ ರಜೆ ಬಂತೆಂದು ಗೊತ್ತಾಗುತ್ತಿದ್ದುದು ತಲೆಯ ಮೇಲಿಂದ ಕೇಳಿಬರುವ ಮಾತುಗಳಿಂದ. ಹೂವಿನ ಮಳೆ ಬಿದ್ದು, ಕಾಫಿ ಹೂವು ಅರಳಿ ಉದುರಿದ ಮೇಲೆ ತೋಟದಲ್ಲಿ ಮರಗಸಿ ಶುರುವಾಗುತ್ತಿತ್ತು. ನೆರಳಿನ ಮರಗಳ ಕೊಂಬೆ ಸವರಿ, ಕಾಫಿ ಗಿಡಕ್ಕೆ ಬೇಕಾದಷ್ಟೇ ಬಿಸಿಲು ಬಿಡುವ ಕೆಲಸ ಅದು. ನಮ್ಮಲ್ಲಿಗೆ ಬರುತ್ತಿದ್ದವರು ಬೈರಣ್ಣ ಮತ್ತು ಅವನ ತಮ್ಮ ಮಂಜಣ್ಣ. ಸೊಂಟಕ್ಕೆ ಕತ್ತಿ ಸಿಕ್ಕಿಸಿ, ಮರದ ಬುಡ ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದರೆಂದರೆ ಮಧ್ಯಾಹ್ನದ ಊಟಕ್ಕೇ ಇಳಿಯುವುದು. ಅಣ್ಣ ಒಂದು ಮರದಲ್ಲಿ, ತಮ್ಮ ಇನ್ನೊಂದರಲ್ಲಿ, ಹರಟೆ ಮಾತ್ರ ನಿಲ್ಲುತ್ತಿರಲಿಲ್ಲ.

ಕೆಳಗೆ ನಮ್ಮ ರಾಜ್ಯ. ನಾನೂ ತೋಟದ ಆಳುಗಳ ಲೈನುಮನೆಯ ಮಕ್ಕಳೂ ಬಿದ್ದ ಸೊಪ್ಪಿನಲ್ಲಿ ಮನೆ ಕಟ್ಟುತ್ತಿದ್ದೆವು. ಹಾಲುವಾಣದ ಮರದ ಕೆಂಪು ಬೀಜವನ್ನು ಕಲ್ಲಿಗೆ ಉಜ್ಜಿ ಕಾಯಿಸಿ, ಗೊತ್ತಿಲ್ಲದವರ ತೋಳಿಗೆ ಚುರುಕ್ಕೆನಿಸಿ ಓಡುತ್ತಿದ್ದೆವು. ಹಸಿ ಸೊಪ್ಪಿನ ವಾಸನೆ ಸ್ನಾನ ಮಾಡಿದರೂ ಮೈ ಬಿಡುತ್ತಿರಲಿಲ್ಲ. ಅಯ್ಯೋ, ಅಂಥ ಸುಖ!

ನಾನು ಐದನೇ ಕ್ಲಾಸು ಮುಗಿಸಿದ ಆ ಬೇಸಿಗೆಯಲ್ಲಿ ಅಪ್ಪನಿಗೆ ತಾನೂ ಮರ ಹತ್ತಬೇಕೆಂಬ ಹುಚ್ಚು ಹಿಡಿಯಿತು. ಹತ್ತಲು ಬೇರೆ ಮರವೇ ಇರಲಿಲ್ಲವೇ? ಆರಿಸಿಕೊಂಡಿದ್ದು ಕಾಫಿ ಒಣಗಿಸುವ ಕಣದ ಪಕ್ಕದ ಹಲಸಿನ ಮರವನ್ನು. ಅದು ಅಜ್ಜಿ, ಎಂದರೆ ಅಪ್ಪನ ತಾಯಿ, ಮದುವೆಯಾಗಿ ಬಂದ ವರ್ಷ ಬೀಜ ಊರಿ ಬೆಳೆಸಿದ ಮರ. ತೊಳೆ ಕೆಂಪು, ಬಾಯಿಗಿಟ್ಟರೆ ಜೇನು. ಅದರ ಒಂದು ಕೊಂಬೆ ಕಣಕ್ಕೆ ನೆರಳು ಹಾಕುತ್ತಿತ್ತು ಎನ್ನುವುದು ನಿಜ. ಅದನ್ನು ಕಡಿಯುವುದಕ್ಕೆ ಅಜ್ಜಿ ಅಡ್ಡಿ ಮಾಡಿರಲಿಲ್ಲ, ಆದರೆ ಬೈರಣ್ಣನೇ ಕಡಿಯಬೇಕೆಂದಿದ್ದಳು. ಏಕೆಂದರೆ ಹಿಂದಿನ ವರ್ಷ ಅಪ್ಪ ಸವರಿದ ಹಿತ್ತಲಿನ ಕಿತ್ತಳೆ ಗಿಡ ಒಂದೇ ತಿಂಗಳಲ್ಲಿ ಒಣಗಿ ಕಡ್ಡಿಯಾಗಿತ್ತು.

"ನೋಡ್ಲಾ ಮಲ್ಲೇಶ, ಆ ಕಿತ್ತಳೆಗಾದ ಗತಿ ಇದಕ್ಕೂ ಆಯ್ತೋ, ನಾನು ಮಗ್ಗೇಲಿರೋ ಮಗಳ ಮನೆಗೆ ಹೊಂಟೋಯ್ತೀನಿ. ತಿರುಗಿ ಈ ಹೊಸ್ಲು ತುಳಿಯಾಕಿಲ್ಲ" ಎಂದು ಅಪ್ಪನಿಗೆ ಹೇಳಿದ್ದಳು. ಅಜ್ಜಿ ಆಡಿದ್ದನ್ನು ಮಾಡುವವಳು. ನಾನು ಹುಟ್ಟಿದಾಗಿನಿಂದ ಅವಳ ಮಗ್ಗುಲಲ್ಲೇ ಮಲಗಿದವಳು. ಆ ಮಾತು ಕೇಳಿದ ರಾತ್ರಿ ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದೇ ಮಲಗಿದ್ದೆ.

ಅಪ್ಪ ಒಳ್ಳೆಯ ಹೊತ್ತನ್ನೇ ನೋಡಿಕೊಂಡರು. ಅಜ್ಜಿ ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಮುಗಿಯುವವರೆಗೆ ಮಾತಿಲ್ಲ, ಏಳುವುದೂ ಇಲ್ಲ. ಅಷ್ಟರಲ್ಲಿ ಕೆಲಸ ಮುಗಿಸಿಬಿಡೋಣ ಎಂಬ ಲೆಕ್ಕ. ಲುಂಗಿ ಎತ್ತಿ ಕಟ್ಟಿ, ಮೆಣಸು ಕುಯ್ಯುವ ಬಿದಿರಿನ ಏಣಿ ತಂದು ಆ ಕೊಂಬೆಗೆ ಒರಗಿಸಿದರು. ಕಾಫಿ ಕುಡಿದು ತೋಟಕ್ಕೆ ಹೊರಟಿದ್ದ ಬೈರಣ್ಣ, ಮಂಜಣ್ಣ ಅಲ್ಲೇ ನಿಂತರು.

"ಗೌಡ್ರೇ, ಏಣಿ..." ಎಂದ ಬೈರಣ್ಣ.

"ನೀನು ಸುಮ್ನಿರೋ ಮಾರಾಯ. ಹತ್ತು ವರ್ಷದಿಂದ ನೋಡ್ತಾ ಇದೀನಿ. ಒಂದು ಕೊಂಬೆ ಕಡಿಯೋದು ಏನು ಮಹಾ?"

"ಅಲ್ಲ ಗೌಡ್ರೇ, ಕೆಳಗಡೆಯಿಂದ ಮೊದ್ಲು ಒಂದು ಕಚ್ಚು..."

"ಸುಮ್ನಿರು ಅಂದ್ನಲ್ಲ!"

ಅಣ್ಣತಮ್ಮ ಇಬ್ಬರೂ ಕಣದ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಚೀಲ ಬಿಚ್ಚಿದರು. ಅಪ್ಪ ಏಣಿಯಿಂದ ಕೊಂಬೆಗೆ ದಾಟಿ, ಕಾಂಡದ ಕವಲಿನಲ್ಲಿ ಕೂತು, ಕೊಡಲಿಯಿಂದ ಮೇಲಿನಿಂದ ಕಡಿಯತೊಡಗಿದರು. ಆಗ ನನಗೂ ಹೊಳೆಯಿತು. ಕಡಿಯುವ ಕೊಂಬೆಗೇ ಏಣಿ ಒರಗಿಸಿದ್ದಾರೆ! ಕೂಗಬೇಕೆನ್ನುವಷ್ಟರಲ್ಲಿ ನಗು ಬಂದು ಬಾಯಿಗೆ ಎರಡೂ ಕೈ ಅಡ್ಡ ಹಿಡಿದೆ.

ಅರ್ಧ ಕಡಿದಿರಲಿಲ್ಲ, ಭಾರಕ್ಕೆ ಕೊಂಬೆ ಲಟಲಟ ಎಂದು ಮುರಿಯಿತು. ಏಣಿಯನ್ನೂ ಎಳೆದುಕೊಂಡು, ಹಣ್ಣು ಕಾಯಿ ಸಮೇತ ಕಣದ ಅಂಚಿನ ಬಚ್ಚಲುಮನೆಯ ಮೇಲೆ ಬಿತ್ತು. ಹೆಂಚು ಪುಡಿಪುಡಿ. ಒಂದು ಹಲಸಿನಕಾಯಿ ಸೀದಾ ಒಳಗೆ ಬಿದ್ದು ಬಿಸಿನೀರಿನ ಹಂಡೆಯ ಬಾಯಿಗೆ ಮುಚ್ಚಳ ಹಾಕಿದ ಹಾಗೆ ಕೂತುಬಿಟ್ಟಿತ್ತು. ಕೋಳಿಗಳು ಕೊಕ್ಕೋ ಎಂದು ದಿಕ್ಕಾಪಾಲು. ಇಷ್ಟು ಸಾಲದೆಂಬಂತೆ ಮೇಲಿದ್ದ ಚಗಳಿ ಇರುವೆಗಳ ಗೂಡು ಒಡೆದು, ಕೆಂಪು ಇರುವೆಗಳು ಕವಲಿನಲ್ಲೇ ಸಿಕ್ಕಿಕೊಂಡಿದ್ದ ಅಪ್ಪನ ಲುಂಗಿಯೊಳಗೆ ನುಗ್ಗಿದವು.

"ಅಯ್ಯಯ್ಯಪ್ಪೋ! ಬೈರಾ, ಏಣಿ ತಾರೋ!"

"ಏಣಿ ಬಚ್ಚಲುಮನೆ ಮ್ಯಾಲೆ ಐತೆ ಗೌಡ್ರೇ" ಎಂದ ಬೈರಣ್ಣ, ಕೂತಲ್ಲಿಂದಲೇ. ಮಂಜಣ್ಣ ಬಾಯಿಗೆ ಟವೆಲ್ಲು ತುರುಕಿಕೊಂಡು ನಗುತ್ತಿದ್ದ. ಅಮ್ಮ ಸೆರಗು ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು, ಒಳಗಿನಿಂದ ಅವಳ ನಗು ಕೇಳಿಸುತ್ತಲೇ ಇತ್ತು. ಕೊನೆಗೆ ಬೈರಣ್ಣ ಹತ್ತಿ ಹಗ್ಗ ಕಟ್ಟಿ ಅಪ್ಪನನ್ನು ಇಳಿಸಿದ. ಮೀಸೆ ತುಂಬ ಹಲಸಿನ ಮೇಣ. ಅದನ್ನು ಬಿಡಿಸಲು ಒಂದು ಬಟ್ಟಲು ಕೊಬ್ಬರಿ ಎಣ್ಣೆ ಬೇಕಾಯಿತು. ಮಂಜಣ್ಣನಂತೂ ಚಟ್ನಿಗಾಯಿತೆಂದು ಉಳಿದ ಚಗಳಿಯನ್ನು ಎಲೆಯಲ್ಲಿ ಕಟ್ಟಿಕೊಂಡ.

ನಗು ನಿಂತಿದ್ದು ಅಜ್ಜಿ ಪೂಜೆ ಮುಗಿಸಿ ಬಂದಾಗ. ಕೆಳಗಿನಿಂದ ಕಚ್ಚು ಹಾಕದೆ ಕಡಿದಿದ್ದರಿಂದ ಕೊಂಬೆ ಮುರಿಯುವಾಗ ಕಾಂಡದ ತೊಗಟೆಯನ್ನೂ ಎರಡು ಮೊಳ ಸುಲಿದುಕೊಂಡು ಬಂದಿತ್ತು. ಆ ಗಾಯದಿಂದ ಹಾಲು ಸುರಿಯುತ್ತಿತ್ತು. ಹಣೆಯ ಮೇಲಿನ ವಿಭೂತಿ ಇನ್ನೂ ಹಸಿಯಾಗಿದ್ದ ಅಜ್ಜಿ ಅದನ್ನು ಮುಟ್ಟಿ ನೋಡಿದಳು. ಒಳಗೆ ಹೋಗಿ ಮಂಚದಡಿಯ ಟ್ರಂಕು ಎಳೆದು ಸೀರೆ ಜೋಡಿಸತೊಡಗಿದಳು. ನಾನು ಟ್ರಂಕಿನ ಮುಚ್ಚಳ ಎಳೆದು ಮುಚ್ಚಿ ಅದರ ಮೇಲೆ ಕೂತು ಗೋಳೋ ಎಂದು ಅತ್ತೆ.

ಉಳಿಸಿದವನು ಬೈರಣ್ಣ. "ಮರ ಇನ್ನೂ ಸತ್ತಿಲ್ಲ ಕಣ್ರವ್ವ. ಆಷಾಢ ಕಳೆಯೋಗಂಟ ತಡೀರಿ. ಗಾಯದ ಅಂಚು ಉಬ್ಬಿಕೊಂಡು ಬಂದ್ರೆ ಬದುಕ್ತು ಅಂತ ಲೆಕ್ಕ. ಬರನಿಲ್ಲ ಅಂದ್ರೆ ನಾನೇ ಟ್ರಂಕು ಹೊತ್ಕೊಂಡು ಬಂದು ಬಸ್ಸು ಹತ್ತಿಸ್ತೀನಿ." ಹರಿದ ತೊಗಟೆಯ ಅಂಚನ್ನು ಕತ್ತಿಯಿಂದ ನಯವಾಗಿ ಸವರಿ, ಸಗಣಿ ಮತ್ತು ಕೆಮ್ಮಣ್ಣು ಕಲಸಿ ಬಳಿದು, ಗೋಣಿತಾಟು ಸುತ್ತಿದ. ಪಕ್ಕದಲ್ಲಿ ಮಣ್ಣು ಕಲಸಿ ಕೊಡುತ್ತಿದ್ದವರು ಅಪ್ಪ.

ಅಜ್ಜಿ ಉಳಿದಳು. ಆದರೆ ಅಪ್ಪನ ಜೊತೆ ಮಾತು ಬಿಟ್ಟಳು. ಅಪ್ಪ ಎದುರಿಗೇ ಕೂತಿದ್ದರೂ "ನಿಮ್ಮಪ್ಪಂಗೆ ಹೇಳು, ಕಾಫಿ ಆರ್ತೈತೆ ಅಂತ" ಎಂದು ನನ್ನ ಮೂಲಕವೇ. ಅಪ್ಪನೂ "ಕುಡಿದೆ ಅಂತ ಹೇಳಮ್ಮ ನಿಮ್ಮಜ್ಜಿಗೆ" ಎನ್ನುತ್ತಿದ್ದರು. ನನ್ನ ಬಾಯಿಗೆ ಬಿಡುವೇ ಇರಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ಮೊದಲು ಹೋಗುತ್ತಿದ್ದುದು ಮರದ ಬುಡಕ್ಕೆ. ಗೋಣಿತಾಟು ಬಿಚ್ಚಿ ನೋಡಬಾರದೆಂದು ಬೈರಣ್ಣ ಹೇಳಿದ್ದರಿಂದ ಸುಮ್ಮನೆ ನಿಂತು ಬರುತ್ತಿದ್ದರು.

ಆಷಾಢ ಕಳೆದ ಮೇಲೆ ಒಂದು ದಿನ ಮಳೆ ಬಿಟ್ಟು ಹೊಳವಾದಾಗ ಬೈರಣ್ಣ ಬಂದು ಕಟ್ಟು ಬಿಚ್ಚಿದ. ನಾನು ಕಣ್ಣು ಮುಚ್ಚಿಕೊಂಡಿದ್ದೆ. "ಬನ್ರವ್ವ, ಮುಟ್ಟಿ ನೋಡ್ರಿ" ಎಂದ. ಗಾಯದ ಸುತ್ತ ಬೆರಳು ದಪ್ಪದ ಎಳೆ ತೊಗಟೆ ಉಬ್ಬಿ ಬಂದಿತ್ತು. ಅಜ್ಜಿ ಅದರ ಮೇಲೆ ಹೆಬ್ಬೆರಳು ಆಡಿಸಿದಳು, ಮತ್ತೆ ಮತ್ತೆ ಆಡಿಸಿದಳು. ಆಮೇಲೆ ದೂರದಲ್ಲಿ ಕೈಕಟ್ಟಿ ನಿಂತಿದ್ದ ಅಪ್ಪನ ಕಡೆ ತಿರುಗಿದಳು.

"ಅಲ್ಲೇನು ನಿಂತಿದ್ದೀಯಲಾ ಮಲ್ಲೇಶ? ರೊಟ್ಟಿ ತಿನ್ನು ಬಾ."

ಅಪ್ಪ ಅತ್ತಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅಳುತ್ತಲೇ ನಗುತ್ತಿದ್ದರು. ಮಂಜಣ್ಣ ಸುಮ್ಮನಿರಬೇಕಲ್ಲ, "ಗೌಡ್ರೇ, ಈ ಸಲ ಏಣಿ ಎಲ್ಲಿಗೆ ಒರಗಿಸೋದು?" ಎಂದ. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಜ್ಜಿಯೇ.

ಈಗ ತೋಟ ನೋಡಿಕೊಳ್ಳುವವಳು ನಾನು. ಅಜ್ಜಿಯಿಲ್ಲ, ಅಪ್ಪ ಅಮ್ಮ ಇಬ್ಬರೂ ಇಲ್ಲ. ಮರಗಸಿಗೆ ಬೈರಣ್ಣ, ಮಂಜಣ್ಣರ ಬದಲು ಹೊರಗಿನಿಂದ ತಂಡ ಬರುತ್ತದೆ, ಮೆಷಿನ್ ಗರಗಸ ತರುತ್ತಾರೆ, ಕೆಲಸದಲ್ಲಿ ಗಟ್ಟಿಗರು, ವಾರದ ಕೆಲಸ ಒಂದು ದಿನಕ್ಕೆ ಮುಗಿಸುತ್ತಾರೆ. ಹೋದ ಬೇಸಿಗೆ ನಾನು ಅವಸರದಲ್ಲಿ ಒಂದು ಅತ್ತಿ ಮರದ ತಪ್ಪು ಕೊಂಬೆ ತೋರಿಸಿಬಿಟ್ಟೆ. ಅವರು ಮರು ಮಾತಾಡದೆ ಕೊಯ್ದು ಹಾಕಿದರು. "ನೀವೇ ತೋರ್ಸಿದ್ರಲ್ಲ ಮೇಡಂ" ಎಂದರು, ಅಷ್ಟೇ. ಯಾರೂ ನಗಲಿಲ್ಲ. ಅವತ್ತು ಮನೆಗೆ ಬಂದು ಕಾಫಿ ಮಾಡಿಕೊಂಡು ಒಬ್ಬಳೇ ಕೂತೆ. ಒಂದು ಮರಕ್ಕೆ ಗಾಯ ಮಾಡಿದ್ದಕ್ಕೆ ನನ್ನ ಮೇಲೆ ತಿಂಗಳುಗಟ್ಟಲೆ ಮುನಿಸಿಕೊಳ್ಳುವವರು ಈ ಮನೆಯಲ್ಲಿ ಈಗ ಯಾರೂ ಇಲ್ಲ.