ಧನುರ್ಮಾಸದ ಬಿಸಿನೀರು

ನನ್ನ ಗಂಡ ಕುದುರೆಯನ್ನು ಮನೆಗೆ ತಂದಾಗ, ಸಿಂಗಸಂದ್ರದ ನಮ್ಮ ಹೊಲದಲ್ಲಿ ಬಾಡಿಗೆ ಮನೆಗಳು ಎದ್ದು ಆಗಲೇ ಕೆಲವು ವರ್ಷಗಳಾಗಿದ್ದವು. ಎತ್ತುಗಳನ್ನು ಮಾರಿದ ಮೇಲೆ ಅವರಿಗೆ ಕೈ ಕಟ್ಟಿಹಾಕಿದಂತಾಗಿತ್ತು. ಒಂದು ದಿನ ಹೊಸೂರಿನ ಕಡೆಯಿಂದ ಬಿಳಿ ಹೆಣ್ಣು ಕುದುರೆಯೊಂದನ್ನು ಹಿಡಿದುಕೊಂಡು ಬಂದು, "ಮದುವೆ ಮೆರವಣಿಗೆಗೆ ಆಯ್ತದೆ ಕಣಮ್ಮಿ" ಎಂದರು. ನನ್ನ ಮುಖ ನೋಡಿ, "ಮೆರವಣಿಗೆ ಇಲ್ದಿದ್ರೂ ಇರ್ಲಿ ಬಿಡು" ಎಂದು ತಾವೇ ಸೇರಿಸಿದರು. ಹಿತ್ತಿಲಲ್ಲಿ ಎತ್ತಿನ ಕೊಟ್ಟಿಗೆ ಖಾಲಿ ಬಿದ್ದಿತ್ತು. ಅಲ್ಲೇ ಕಟ್ಟಿದೆವು.

ಮದುವೆಯ ಕಾಲದಲ್ಲಿ ಅವಳದು ಯಾವ ತಕರಾರೂ ಇರಲಿಲ್ಲ. ಕಿವಿಯ ಪಕ್ಕದಲ್ಲೇ ಬ್ಯಾಂಡು ಬಾರಿಸಿದರೂ ಬೆದರುತ್ತಿರಲಿಲ್ಲ. ಕಷ್ಟ ಬಂದದ್ದು ಧನುರ್ಮಾಸದಲ್ಲಿ. ಆ ತಿಂಗಳು ಮದುವೆಗಳಿಲ್ಲ. ಕುದುರೆ ಚಳಿಯಲ್ಲಿ ನಿಂತಲ್ಲೇ ನಿಂತಿರುತ್ತಿತ್ತು, ಒಣಹುಲ್ಲು ತಿನ್ನುತ್ತಿತ್ತು, ನೀರು ಮಾತ್ರ ಸರಿಯಾಗಿ ಕುಡಿಯುತ್ತಿರಲಿಲ್ಲ. ಎತ್ತು ಸಾಕಿದ ನಾವು ಅದನ್ನು ಗಮನಿಸಲೇ ಇಲ್ಲ.

ಒಂದು ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ಅವಳು ಮುಂಗಾಲಿನಿಂದ ನೆಲ ಕೆರೆಯುತ್ತಿದ್ದಳು. ಮತ್ತೆ ಮತ್ತೆ ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿದ್ದಳು. ಮಲಗುವಳು, ಏಳುವಳು. ಸಂಜೆ ತುಂಬಿಸಿದ ತೊಟ್ಟಿ ತುಂಬಿದ ಹಾಗೇ ಇತ್ತು.

ಫೋನು ಮಾಡಿದ ಮೇಲೆ ಡಾಕ್ಟರು ಬಂದರು. ಮೂಗಿನಿಂದ ಕೊಳವೆ ಇಳಿಸಿ ನೀರು, ಎಣ್ಣೆ ಹೊಯ್ದರು. "ಚಳಿಗೆ ತಣ್ಣೀರು ಮುಟ್ಟಿಲ್ಲ ಕಣ್ರೀ. ಹೊಟ್ಟೆ ಕಟ್ಕೊಂಡಿದೆ. ಮಲಗೋಕೆ ಬಿಡಬೇಡಿ, ನಿಧಾನವಾಗಿ ನಡೆಸ್ತಾ ಇರಿ. ಲದ್ದಿ ಹಾಕಿದ್ರೆ ಉಳ್ಕೊಂಡಳು ಅನ್ಕೊಳ್ಳಿ" ಎಂದರು.

ನನ್ನ ಗಂಡ ಅಂಗಳದಲ್ಲಿ ಅವಳನ್ನು ಸುತ್ತಾಡಿಸತೊಡಗಿದರು. ಬಾಡಿಗೆಯವರೆಲ್ಲ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಮಹಡಿಯ ಕೋಣೆಯಲ್ಲಿ ರಾಯಚೂರಿನ ಕಡೆಯ ಹುಡುಗಿಯೊಬ್ಬಳಿದ್ದಳು, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಟೈಲರು. ನನ್ನ ಗಂಡ ಏದುಸಿರು ಬಿಡುವುದನ್ನು ಕಂಡು ಕೆಳಗಿಳಿದು ಬಂದಳು.

"ಅಂಕಲ್, ನೀವು ಕುಂದರ್ರಿ ಸ್ವಲ್ಪ. ನಾ ಅಡ್ಡಾಡಿಸ್ತೀನಿ."

"ಒದ್ದುಗಿದ್ದು ಬಿಟ್ಟಾಳು ಕಣಮ್ಮ."

"ಒದಿಯೋ ಶಕ್ತಿ ಎಲ್ಲೈತ್ರಿ ಆಕಿಗೆ" ಎಂದು ಹಗ್ಗ ತೆಗೆದುಕೊಂಡಳು.

ಬಿಸಿಲು ಏರಿದ ಮೇಲೆ ಕುದುರೆ ನಿಂತು, ಬಾಲ ಎತ್ತಿ, ಒಂದಿಷ್ಟು ಲದ್ದಿ ಹಾಕಿತು. ನನ್ನ ಗಂಡ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಟವಲಿನಲ್ಲಿ ಮುಖ ಮುಚ್ಚಿಕೊಂಡರು. "ಲದ್ದಿ ನೋಡಿ ಅಳೋ ಗಂಡಸನ್ನ ಇವತ್ತೇ ನೋಡಿದ್ದು" ಎಂದೆ. ನನ್ನ ಕಣ್ಣೂ ಒದ್ದೆಯಾಗಿತ್ತು.

ಅಂದಿನಿಂದ ಚಳಿಗಾಲದ ಬೆಳಗುಗಳು ನನ್ನವಾದವು. ತೆಂಗಿನಗರಿ ಉರಿಸಿ ಹಂಡೆ ಕಾಯಿಸುತ್ತಿದ್ದೆ. ಮೊಣಕೈ ಅದ್ದಿ ನೋಡಿ, ಉಗುರುಬೆಚ್ಚಗಿನ ನೀರನ್ನು ಬಕೆಟ್ಟಿನಲ್ಲಿ ಒಯ್ಯುತ್ತಿದ್ದೆ. ಅವಳು ಮೊದಲು ಮೂತಿಯಿಂದ ಆವಿಯನ್ನು ಮೂಸುವಳು. ಆಮೇಲೆ ತುಟಿ ತಾಗಿಸುವಳು. ಒಂದೊಂದು ಗುಟುಕಿಗೂ ಅವಳ ಕಿವಿಗಳು ಹಿಂದಕ್ಕೆ ಮುಂದಕ್ಕೆ ಆಡುತ್ತಿದ್ದವು. ಬೂಸಾವನ್ನು ಚೂರು ಉಪ್ಪು ಹಾಕಿ ನೆನೆಸಿಡುತ್ತಿದ್ದೆ. ಕುದುರೆಗೆ ಮಾತ್ರ ಬಿಸಿನೀರು, ನಮಗೆ ತಣ್ಣೀರೇನ್ರಿ ಆಂಟಿ, ಎಂದು ಆ ಹುಡುಗಿ ಮಹಡಿಯಿಂದ ಕೇಳುವಳು. ಅವಳಿಗೂ ಒಂದು ಬಕೆಟ್ಟು ಇಡತೊಡಗಿದೆ. ಒಂದು ರಜೆಯ ದಿನ ಅವಳು ಹಳೆಯ ಕಂಬಳಿಗೆ ಗೋಣಿತಟ್ಟು ಕೂಡಿಸಿ ಕುದುರೆಗೆ ಹೊದಿಕೆ ಹೊಲಿದುಕೊಟ್ಟಳು. ಅಂಚಿಗೆ ಎಲ್ಲಿಂದಲೋ ತಂದ ಕೆಂಪು ಪಟ್ಟಿ ಬೇರೆ. ಬಿಸಿಲು ಬಂದ ಕೂಡಲೇ ಅದನ್ನು ತೆಗೆದು ಒಣಗಹಾಕಿ, ಇವರು ಕುದುರೆಯನ್ನು ನಡೆಸಿಕೊಂಡು ಹೊರಡುತ್ತಿದ್ದರು. ಗಲ್ಲಿಯ ತುದಿಯಲ್ಲಿ ಕಂಪನಿ ಬಸ್ಸುಗಳು ಅವರು ದಾಟುವ ತನಕ ಕಾಯುತ್ತಿದ್ದವು.

ಆಗ ಅದು ಸುಖ ಎಂದು ನನಗೆ ಅನ್ನಿಸಿರಲಿಲ್ಲ. ಹೊಗೆಗೆ ಕಣ್ಣು ಉರಿಯುತ್ತದೆ ಎಂದು ಗೊಣಗುತ್ತಲೇ ಇದ್ದೆ.

ಹುಡುಗಿ ಮದುವೆಯಾಗಿ ಊರಿಗೆ ಹೋದಳು. ಇವರ ಮಂಡಿ ಸವೆಯಿತು. ಮದುಮಕ್ಕಳು ಹೂವು ಕಟ್ಟಿದ ಕಾರಿನಲ್ಲಿ ಬರತೊಡಗಿದರು. ಅಂಗಳದ ಮೂರು ಕಡೆಯೂ ಅಪಾರ್ಟ್‌ಮೆಂಟು ಎದ್ದು, ಚಳಿಗಾಲದ ಬಿಸಿಲೇ ಕೊಟ್ಟಿಗೆಗೆ ಬೀಳದಂತಾಯಿತು. ಆನೇಕಲ್ಲಿನ ಆಚೆ ಇವರ ಸ್ನೇಹಿತರ ತೋಟವಿತ್ತು. ಅಲ್ಲಿ ಇನ್ನೊಂದು ಕುದುರೆಯೂ ಇತ್ತು. ಒಂದು ಬೇಸಿಗೆಯಲ್ಲಿ ಅವಳನ್ನು ಅಲ್ಲಿಗೆ ಕಳಿಸಿಕೊಟ್ಟೆವು.

ಮೊದಲ ಚಳಿ ಬಿದ್ದ ವಾರ ನಾನು ತಡೆಯಲಾರದೆ, "ಒಂದ್ಸಲ ನೋಡ್ಕೊಂಡು ಬರಾನ" ಎಂದೆ. ಇವರು ಆಗಲೇ ಅಂಗಿ ಹಾಕಿಕೊಂಡಿದ್ದರು.

ಬೇಲಿಯ ಹತ್ತಿರ ನಿಂತು ಕರೆದಾಗ ಬಂದಳು. ನನ್ನ ಸೆರಗು ಮೂಸಿದಳು. ಇವರ ಹೆಗಲ ಮೇಲೆ ಗಲ್ಲ ಇಟ್ಟು ಕಣ್ಣು ಮುಚ್ಚಿದಳು. ಮೈ ತುಂಬಿಕೊಂಡಿತ್ತು. "ನೀವು ಹೇಳ್ದಂಗೇ ನೀರು ಬೆಚ್ಚಗೆ ಮಾಡಿ ಇಡ್ತೀವಕ್ಕ. ಸಂದಾಕವ್ಳೆ" ಎಂದರು ತೋಟದ ಮನೆಯಾಕೆ. ಅಷ್ಟರಲ್ಲಿ ದೂರದಿಂದ ಕಂದು ಕುದುರೆ ಕೆನೆಯಿತು. ಅವಳು ತಲೆ ಎತ್ತಿ ಅತ್ತ ಹೊರಟೇಬಿಟ್ಟಳು.

ವಾಪಸು ಬರುವಾಗ ಬಸ್ಸು ಚಂದಾಪುರ ದಾಟಿತು. ಆಗ ಇವರು, "ಮತ್ತೆ ಯಾವಾಗ ಬರಾನ?" ಎಂದು ಕೇಳಿದರು.

"ಅವಳಿಗೆ ನಾವು ಬೇಕಾಗಿಲ್ಲ."

"ನಮಗೆ ಬೇಕಲ್ಲ" ಎಂದರು ಇವರು, ಕಿಟಕಿಯ ಹೊರಗೆ ನೋಡುತ್ತ.

ಸಂಕ್ರಾಂತಿ ಕಳೆದ ಮೇಲೆ ಕಬ್ಬು ಕಟ್ಟಿಸಿಕೊಂಡು ಇನ್ನೊಂದು ಸಲ ಹೋಗಿಬಂದೆವು.